ಗಾಳಿಯ ಲೆಕ್ಕ ಬರೆದ ನಾವಿಕ

ವಾರ್ತೆಗಳು ಮುಗಿದ ಮೇಲೆ ಬರುವ ಹವಾಮಾನದ ಮುನ್ಸೂಚನೆಯನ್ನು ನೀವು ಕೇಳಿಯೇ ಕೇಳಿರುತ್ತೀರಿ. ಕರಾವಳಿಯಲ್ಲಿ ಬಿರುಗಾಳಿ ಬೀಸುವ ಸಂಭವವಿದೆ, ಮೀನುಗಾರರು ಕಡಲಿಗಿಳಿಯಬಾರದು ಎಂಬ ಎಚ್ಚರಿಕೆ ಬಂದಾಗ, ಒಳನಾಡಿನ ಊರುಗಳಲ್ಲಿರುವ ನಮಗೆ ಅದು ಅಷ್ಟಾಗಿ ಮನಸ್ಸಿಗೆ ನಾಟುವುದಿಲ್ಲ. ಕೊಡೆ ತೆಗೆದುಕೊಂಡು ಹೋಗಬೇಕೋ ಬೇಡವೋ ಎಂಬಷ್ಟೇ ನಮ್ಮ ಚಿಂತೆ. ಆದರೆ ಆ ಎರಡು ಮಾತಿನ ಹಿಂದೆ ಎಷ್ಟು ಮಂದಿಯ ದುಡಿಮೆ ಇದೆ ಎಂಬುದನ್ನು ಒಮ್ಮೆ ಯೋಚಿಸಿ ನೋಡಿ. ನೂರಾರು ಹಡಗುಗಳು, ಸಾವಿರಾರು ನೆಲೆಗಳು ಒಂದೇ ರೀತಿಯಲ್ಲಿ ಗಾಳಿಯ ದಿಕ್ಕನ್ನೂ ವೇಗವನ್ನೂ ಶಾಖವನ್ನೂ ವಾಯುಭಾರವನ್ನೂ ಅಳೆದು ಬರೆದು ಕಳುಹಿಸಿದಲ್ಲದೆ ಆ ಮಾತು ಹೊರಡುವುದಿಲ್ಲ. ಒಂದು ದೇಶದ ಲೆಕ್ಕ ಮತ್ತೊಂದು ದೇಶಕ್ಕೆ ಅರ್ಥವಾಗಬೇಕು. ಇಂದು ಜಗಳವಾಡುವ ಎರಡು ರಾಜ್ಯಗಳು ಕೂಡ ಗಾಳಿಯ ಲೆಕ್ಕವನ್ನು ಮಾತ್ರ ಒಂದಕ್ಕೊಂದು ಕೊಡಬೇಕು. ಈ ಒಪ್ಪಂದ ತಾನಾಗಿ ಆದುದಲ್ಲ. ಇದಕ್ಕೆ ನಾಂದಿ ಹಾಡಿದವರಲ್ಲಿ ಮುಖ್ಯನಾದವನು ಕುಂಟುಗಾಲಿನ ಒಬ್ಬ ನೌಕಾಧಿಕಾರಿ. ಅವನೇ ಅಮೆರಿಕ ಸಂಯುಕ್ತ ಸಂಸ್ಥಾನದ ಮ್ಯಾಥ್ಯೂ ಫಾಂಟೇನ್ ಮೌರಿ. ಅವನ ಚರಿತ್ರೆಯಲ್ಲಿ ಮೆಚ್ಚಬೇಕಾದುದು ಬಹಳವಿದೆ, ಮರುಗಬೇಕಾದುದೂ ಇದೆ. ಎರಡನ್ನೂ ನಿಮ್ಮ ಮುಂದಿಡುತ್ತೇನೆ.

ಮೌರಿ ಹುಟ್ಟಿದ್ದು 1806ರ ಜನವರಿ 14ರಂದು, ವರ್ಜೀನಿಯಾ ಸಂಸ್ಥಾನದಲ್ಲಿ. ಅವನು ಮಗುವಾಗಿದ್ದಾಗಲೇ ತಂದೆ ಸಂಸಾರವನ್ನು ಕಟ್ಟಿಕೊಂಡು ಟೆನೆಸಿಗೆ ಹೊರಟನು. ಅಲ್ಲಿ ಫ್ರಾಂಕ್ಲಿನ್ ಎಂಬ ಊರಿನ ಬಳಿ ಬೇಸಾಯ. ಸಮುದ್ರವೆಂಬುದು ನೂರಾರು ಮೈಲಿ ದೂರದ ಮಾತು. ಹನ್ನೆರಡನೆಯ ವಯಸ್ಸಿನಲ್ಲಿ ಹುಡುಗ ಎತ್ತರದ ಮರದಿಂದ ಬಿದ್ದು ಬೆನ್ನಿಗೆ ಪೆಟ್ಟು ಮಾಡಿಕೊಂಡನು. ಹೊಲದ ಕೆಲಸಕ್ಕೆ ಆಗದವನನ್ನು ಶಾಲೆಗಾದರೂ ಕಳುಹಿಸೋಣವೆಂದು ತಂದೆ ಹತ್ತಿರದ ವಿದ್ಯಾಶಾಲೆಗೆ ಸೇರಿಸಿದನು. ನಮ್ಮ ಹಳ್ಳಿಗಳಲ್ಲಿಯೂ ಹೀಗೆ ಗುದ್ದಲಿಗೆ ಒಗ್ಗದೆ ಪುಸ್ತಕಕ್ಕೆ ಬಂದ ಮಕ್ಕಳುಂಟು; ಮೂವತ್ತು ವರ್ಷ ಪಾಠ ಹೇಳಿದ ನಾನು ಅಂಥವರನ್ನು ಕಂಡಿದ್ದೇನೆ.

ಮೌರಿಯ ಅಣ್ಣ ಜಾನ್ ನೌಕಾಪಡೆಯಲ್ಲಿದ್ದನು. ವೆಸ್ಟ್ ಇಂಡೀಸಿನ ಕಡೆ ಕಡಲ್ಗಳ್ಳರನ್ನು ಅಡಗಿಸುವ ಕೆಲಸಕ್ಕೆ ಹೋಗಿ ಹಳದಿ ಜ್ವರದಿಂದ ತೀರಿಕೊಂಡನು. ಒಬ್ಬ ಮಗನನ್ನು ಕಡಲಿಗೆ ಕೊಟ್ಟ ತಂದೆ ಇನ್ನೊಬ್ಬನನ್ನು ಕೊಡಲು ಒಪ್ಪುವನೆ? ಆದರೆ ಮೌರಿಯ ಹಟ ದೊಡ್ಡದು. ಟೆನೆಸಿಯ ಪ್ರತಿನಿಧಿಯಾಗಿದ್ದ ಸ್ಯಾಮ್ ಹ್ಯೂಸ್ಟನ್ ಎಂಬವನ ಶಿಫಾರಸಿನಿಂದ 1825ರಲ್ಲಿ, ತನ್ನ ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕಿರಿಯ ಅಧಿಕಾರಿಯ ನೇಮಕ ಪಡೆದನು. ತಂದೆ ಹರಸಲಿಲ್ಲ. ಸಾಲವಾಗಿ ತಂದ ಕುದುರೆಯೇರಿ ಹುಡುಗ ಪೂರ್ವಕ್ಕೆ ಹೊರಟನು.

ಅವನ ಮೊದಲ ಹಡಗು ಬ್ರಾಂಡಿವೈನ್. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ನೆರವಾದ ಫ್ರೆಂಚ್ ವೀರ ಲಫಾಯೆಟ್ಟನನ್ನು ಅವನ ದೇಶಕ್ಕೆ ಮರಳಿ ಕರೆದೊಯ್ದ ಹಡಗು ಅದು. ಮುಂದೆ ವಿನ್ಸೆನ್ಸ್ ಎಂಬ ಹಡಗಿನಲ್ಲಿ ಭೂಮಿಯನ್ನೇ ಸುತ್ತಿ 1830ರಲ್ಲಿ ಮರಳಿದನು. ಅಮೆರಿಕದ ಯುದ್ಧನೌಕೆಯೊಂದು ಭೂಪ್ರದಕ್ಷಿಣೆ ಮಾಡಿದ್ದು ಅದೇ ಮೊದಲು. ಆಗ ಆ ದೇಶದಲ್ಲಿ ನೌಕಾವಿದ್ಯೆಗೆ ಶಾಲೆಯೇ ಇರಲಿಲ್ಲ. ಹಡಗಿನ ಮೇಲೆಯೇ, ಗದ್ದಲದ ನಡುವೆ, ಸಿಕ್ಕಷ್ಟನ್ನು ಕಲಿಯಬೇಕು. ಮೌರಿ ಸಾಲಾಗಿ ಜೋಡಿಸಿಟ್ಟ ಫಿರಂಗಿಯ ಗುಂಡುಗಳ ಮೇಲೆ ಸೀಮೆಸುಣ್ಣದಿಂದ ಗೋಳದ ತ್ರಿಕೋಣಗಳನ್ನು ಬರೆದಿಟ್ಟು, ಪಹರೆಗಾಗಿ ಹಿಂದೆ ಮುಂದೆ ತಿರುಗಾಡುವಾಗ ಅವನ್ನು ನೋಡುತ್ತ ಲೆಕ್ಕ ಬಿಡಿಸುತ್ತಿದ್ದನೆಂದು ಹೇಳುತ್ತಾರೆ. ಗುಂಡು ಇದ್ದುದು ಕೊಲ್ಲುವುದಕ್ಕೆ. ಅವನ ಕೈಯಲ್ಲಿ ಅದು ಬಳಪದ ಹಲಗೆಯಾಯಿತು.

1831ರಲ್ಲಿ ಫಾಲ್ಮತ್ ಎಂಬ ಹಡಗಿಗೆ ದಾರಿ ನೋಡುವ ಅಧಿಕಾರಿಯಾಗಿ ಅವನು ನೇಮಕಗೊಂಡನು. ದಕ್ಷಿಣ ಅಮೆರಿಕದ ತುದಿಯ ಹಾರ್ನ್ ಭೂಶಿರವನ್ನು ಬಳಸಿ ಪೆಸಿಫಿಕ್ ಸಾಗರಕ್ಕೆ ಹೋಗಬೇಕು. ಬಹು ಭಯಂಕರವಾದ ಸ್ಥಳ; ಪಶ್ಚಿಮದ ಗಾಳಿ ಎದೆಗೊಟ್ಟು ತಳ್ಳುತ್ತದೆ. ಯಾವ ತಿಂಗಳಲ್ಲಿ ಯಾವ ಗಾಳಿ, ಯಾವ ಕಡೆಗೆ ಪ್ರವಾಹ ಎಂದು ತಿಳಿಯಲು ಅವನು ನ್ಯೂಯಾರ್ಕಿನಲ್ಲಿ ಪುಸ್ತಕ ಹುಡುಕಿದನು. ಸಿಗಲಿಲ್ಲ. ಸಾವಿರಾರು ನಾವಿಕರು ಹೋಗಿ ಬಂದಿದ್ದ ದಾರಿ. ಆದರೆ ಅವರ ಅನುಭವವೆಲ್ಲ ಅವರವರ ತಲೆಯಲ್ಲಿಯೇ ಉಳಿದು, ಅವರೊಡನೆಯೇ ಮಣ್ಣಾಗುತ್ತಿತ್ತು. ಈ ಕೊರತೆ ಅವನ ಮನಸ್ಸಿನಲ್ಲಿ ಮುಳ್ಳಿನಂತೆ ನೆಟ್ಟಿತು. ಹಾರ್ನ್ ಭೂಶಿರದ ನೌಕಾಯಾನವನ್ನು ಕುರಿತು ತಾನೇ ಒಂದು ಲೇಖನ ಬರೆದು 1834ರಲ್ಲಿ ಪ್ರಕಟಿಸಿದನು. ಅದೇ ವರ್ಷ ಆನ್ ಹರ್ಂಡನ್ ಎಂಬವಳನ್ನು ಮದುವೆಯಾದನು. 1836ರಲ್ಲಿ ನೌಕಾಶಾಸ್ತ್ರದ ಮೇಲೆ ಅವನ ಪಠ್ಯಪುಸ್ತಕ ಹೊರಬಂದಿತು. ಅದೇ ವರ್ಷ ಲೆಫ್ಟಿನೆಂಟ್ ಪದವಿಯೂ ದೊರೆಯಿತು.

ಇನ್ನು ದೊಡ್ಡ ಹಡಗಿನ ಕಪ್ತಾನನಾಗುವುದೊಂದೇ ಬಾಕಿ ಎನ್ನುವಾಗ ವಿಧಿ ಬೇರೊಂದು ಹೊಂಚು ಹಾಕಿತ್ತು. 1839ರ ಅಕ್ಟೋಬರಿನಲ್ಲಿ ಅವನು ಹಡಗು ಸೇರಲು ಕುದುರೆ ಬಂಡಿಯಲ್ಲಿ ಪ್ರಯಾಣ ಮಾಡುತ್ತಿದ್ದನು. ಬಂಡಿಯ ಒಳಗೆ ಜನ ತುಂಬಿತ್ತು. ಹೆಂಗಸೊಬ್ಬಳಿಗೆ ತನ್ನ ಸ್ಥಳವನ್ನು ಬಿಟ್ಟುಕೊಟ್ಟು ಮೌರಿ ಮೇಲೆ ಗಾಡಿಯವನ ಬಳಿ ಕುಳಿತನು. ಒಹಾಯೋ ಸಂಸ್ಥಾನದ ಸಾಮರ್‌ಸೆಟ್ ಎಂಬ ಊರಿನ ಹತ್ತಿರ ರಾತ್ರಿಯ ಕತ್ತಲಲ್ಲಿ ಬಂಡಿ ಮಗುಚಿತು. ಅವನ ಬಲಗಾಲು ಮುರಿಯಿತು. ಮಂಡಿಯ ಕೀಲು ತಪ್ಪಿತು. ಜೀವ ಉಳಿಯಿತು, ಕಾಲು ಮಾತ್ರ ಮೊದಲಿನಂತಾಗಲಿಲ್ಲ. ಮೂವತ್ಮೂರನೆಯ ವಯಸ್ಸಿಗೆ ಒಬ್ಬ ನಾವಿಕನ ಕಡಲ ಬಾಳು ಮುಗಿದಂತಾಯಿತು.

ಮಲಗಿದವನು ಸುಮ್ಮನಿರಲಿಲ್ಲ. ಬರೆಯಲು ತೊಡಗಿದನು. ಹ್ಯಾರಿ ಬ್ಲಫ್ ಎಂಬ ಕಾವ್ಯನಾಮದಲ್ಲಿ ನೌಕಾಪಡೆಯ ಅವ್ಯವಸ್ಥೆಯನ್ನೂ ಅಪವ್ಯಯವನ್ನೂ ಬಯಲಿಗೆಳೆಯುವ ಲೇಖನಮಾಲೆ ಪತ್ರಿಕೆಯಲ್ಲಿ ಬಂದಿತು. ಕಿರಿಯ ಅಧಿಕಾರಿಗಳಿಗೆ ಶಾಲೆ ಬೇಕೆಂಬ ಕೂಗೂ ಅದರಲ್ಲಿತ್ತು. 1845ರಲ್ಲಿ ಅನಾಪೊಲಿಸ್ ಎಂಬಲ್ಲಿ ನೌಕಾ ವಿದ್ಯಾಲಯ ಸ್ಥಾಪನೆಯಾಯಿತು. ಅದಕ್ಕೆ ಜನಾಭಿಪ್ರಾಯವನ್ನು ಹದಮಾಡಿದವರಲ್ಲಿ ಮೌರಿಯೂ ಒಬ್ಬನು.

ಸಮುದ್ರಕ್ಕೆ ಹೋಗಲಾರದ ಅಧಿಕಾರಿಗೆ ಸರ್ಕಾರ 1842ರಲ್ಲಿ ಮೇಜಿನ ಕೆಲಸ ಕೊಟ್ಟಿತು. ವಾಷಿಂಗ್ಟನ್ನಿನಲ್ಲಿ ನಕ್ಷೆಗಳನ್ನೂ ಉಪಕರಣಗಳನ್ನೂ ಇಡುವ ಒಂದು ಉಗ್ರಾಣ. ಅದಕ್ಕೆ ಅವನು ಮೇಲ್ವಿಚಾರಕ. ಇದೇ ಮುಂದೆ ನೌಕಾ ವೀಕ್ಷಣಾಲಯವಾಯಿತು. ಆ ಉಗ್ರಾಣದಲ್ಲಿ ಹಳೆಯ ಹಡಗುಗಳ ದಿನಚರಿ ಪುಸ್ತಕಗಳು ರಾಶಿಬಿದ್ದಿದ್ದವು. ಹಡಗು ಇಂದು ಎಲ್ಲಿತ್ತು, ಗಾಳಿ ಯಾವ ಕಡೆಯಿಂದ ಬೀಸಿತು, ಎಷ್ಟು ದೂರ ಸಾಗಿದೆವು ಎಂದು ಕಪ್ತಾನರು ದಿನದಿನವೂ ಬರೆದಿಟ್ಟಿದ್ದ ಪುಸ್ತಕಗಳು. ಪ್ರಯಾಣ ಮುಗಿದ ಮೇಲೆ ಅವು ಯಾರಿಗೂ ಬೇಡ. ಬೇರೆಯವರಿಗೆ ಕಸವಾಗಿ ಕಂಡದ್ದು ಮೌರಿಗೆ ನಿಧಿಯಾಗಿ ಕಂಡಿತು. ಹಾರ್ನ್ ಭೂಶಿರಕ್ಕೆ ಹೋಗುವಾಗ ತಾನು ಹುಡುಕಿದ ಪುಸ್ತಕ ಇದೇ ಅಲ್ಲವೆ? ಬಿಡಿಬಿಡಿಯಾಗಿ ಬಿದ್ದಿದೆ, ಕೂಡಿಸಬೇಕು, ಅಷ್ಟೆ.

ಕೂಡಿಸಿದ್ದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸಮುದ್ರದ ನಕ್ಷೆಯನ್ನು ಅಕ್ಷಾಂಶ ರೇಖಾಂಶಗಳ ಐದೈದು ಡಿಗ್ರಿಗೆ ಒಂದೊಂದರಂತೆ ಚೌಕಗಳಾಗಿ ವಿಂಗಡಿಸಿದನು. ಒಂದೊಂದು ಚೌಕಕ್ಕೂ ಹನ್ನೆರಡು ತಿಂಗಳು; ಒಂದೊಂದು ತಿಂಗಳಿಗೂ ಗಾಳಿಯ ಹದಿನಾರು ದಿಕ್ಕುಗಳು. ಜನವರಿ ತಿಂಗಳಲ್ಲಿ ಈ ಚೌಕವನ್ನು ದಾಟಿದ ಹಡಗುಗಳಿಗೆ ಎಷ್ಟು ಸಲ ಈಶಾನ್ಯದ ಗಾಳಿ ಸಿಕ್ಕಿತು, ಎಷ್ಟು ಸಲ ನೈಋತ್ಯದ್ದು, ಎಷ್ಟು ಸಲ ಎಲೆಯಲುಗದ ನಿಶ್ಚಲತೆ ಎಂದು ಎಣಿಸಿ ಬರೆಯುವುದು. ವ್ಯಾಕರಣ ಬರೆಯುವವನು ತಾನೇ ಭಾಷೆಯನ್ನು ಹುಟ್ಟಿಸುವುದಿಲ್ಲ. ಕವಿಗಳ ಪ್ರಯೋಗಗಳನ್ನು ಒಂದೊಂದಾಗಿ ಆರಿಸಿ, ಎದುರೆದುರು ಇಟ್ಟು, ಸೂತ್ರವನ್ನು ಕಾಣುತ್ತಾನೆ. ಮೌರಿ ಮಾಡಿದ್ದೂ ಅದನ್ನೇ. ಒಬ್ಬ ಕಪ್ತಾನನ ಅನುಭವ ಒಂದು ಪ್ರಯೋಗ. ಸಾವಿರ ಕಪ್ತಾನರ ಅನುಭವ ಕೂಡಿದಾಗ ಸೂತ್ರ.

1847ರಲ್ಲಿ ಉತ್ತರ ಅಟ್ಲಾಂಟಿಕ್ ಸಾಗರದ ಗಾಳಿ ಮತ್ತು ಪ್ರವಾಹಗಳ ಮೊದಲ ನಕ್ಷೆ ಹೊರಬಂದಿತು. ಹಳಬರಾದ ಕಪ್ತಾನರು ನಕ್ಕರು. ನಲವತ್ತು ವರ್ಷ ಉಪ್ಪುನೀರು ಕುಡಿದವರಿಗೆ ಮೇಜಿನ ಮುಂದೆ ಕುಳಿತ ಕುಂಟ ದಾರಿ ಹೇಳಿಕೊಡುವುದೆ? ಪರೀಕ್ಷೆಗೆ ಒಬ್ಬ ಧೈರ್ಯಶಾಲಿ ಬೇಕಿತ್ತು. 1848ರಲ್ಲಿ ಬಾಲ್ಟಿಮೋರಿನ ಜಾಕ್‌ಸನ್ ಎಂಬ ಕಪ್ತಾನನು ಬ್ರಜಿಲ್ ದೇಶದ ರಿಯೋ ಬಂದರಿಗೆ ಹೊರಟನು. ಅಲ್ಲಿಗೆ ಹೋಗುವ ಹಡಗುಗಳು ಅದುವರೆಗೆ ಬಳಸುದಾರಿ ಹಿಡಿಯುತ್ತಿದ್ದವು. ಬ್ರಜಿಲಿನ ಮೂಡಣ ಮೂಗಿನ ಬಳಿ ಪ್ರವಾಹ ಹಡಗನ್ನು ಸೆಳೆದುಬಿಡುತ್ತದೆಂದು ಹೆದರಿ, ಆಫ್ರಿಕದ ಕಡೆಗೆ ಬಹು ದೂರ ಹೋಗಿ, ಆಮೇಲೆ ತೆಂಕಣಕ್ಕೆ ತಿರುಗುವುದು ವಾಡಿಕೆ. ಆದರೆ ಭೂಮಧ್ಯರೇಖೆಯ ಬಳಿಯ ಗಾಳಿಯಿಲ್ಲದ ಪಟ್ಟಿ ಆಫ್ರಿಕದ ಮಗ್ಗುಲಲ್ಲಿಯೇ ಹೆಚ್ಚು ಅಗಲ. ಅಲ್ಲಿ ಹಡಗು ಹಾಯಿ ಇಳಿಬಿಟ್ಟು ದಿನಗಟ್ಟಲೆ ನಿಂತುಬಿಡುತ್ತಿತ್ತು. ನೇರವಾಗಿ ಹೋಗಿ, ಪ್ರವಾಹ ನೀವು ಹೆದರುವಷ್ಟು ಪ್ರಬಲವಲ್ಲ ಎಂದು ಮೌರಿಯ ನಕ್ಷೆ ಹೇಳಿತು. ಜಾಕ್‌ಸನ್ ನಂಬಿ ಹೋದನು. ವಾಡಿಕೆಯಾಗಿ 55 ದಿನ ಹಿಡಿಯುತ್ತಿದ್ದ ಪ್ರಯಾಣ 38 ದಿನಗಳಲ್ಲಿ ಮುಗಿಯಿತು. ನಗುತ್ತಿದ್ದವರು ನಕ್ಷೆ ಕೇಳಿಕೊಂಡು ಬಂದರು.

ಮೌರಿ ನಕ್ಷೆಗೆ ಹಣ ಕೇಳಲಿಲ್ಲ. ಅವನ ಕರಾರು ಬೇರೆ: ನಿಮಗೆ ನಕ್ಷೆ ಉಚಿತ, ಆದರೆ ನಾನು ಕೊಡುವ ಅಚ್ಚಿನ ಹಾಳೆಗಳಲ್ಲಿ ನಿತ್ಯವೂ ಗಾಳಿ, ಪ್ರವಾಹ, ವಾಯುಭಾರ, ನೀರಿನ ಶಾಖ ಇವುಗಳನ್ನು ತುಂಬಿ ನನಗೆ ಕಳುಹಿಸಬೇಕು. ಹೀಗೆ ನಕ್ಷೆ ಪಡೆದ ಒಂದೊಂದು ಹಡಗೂ ಮುಂದಿನ ನಕ್ಷೆಯನ್ನು ತಿದ್ದುವ ವೀಕ್ಷಣಾಲಯವಾಯಿತು. ಹನಿಗೂಡಿ ಹಳ್ಳವಾಯಿತು. ಅಟ್ಲಾಂಟಿಕ್, ಪೆಸಿಫಿಕ್, ನಮ್ಮ ಹಿಂದೂ ಮಹಾಸಾಗರ ಎಲ್ಲಕ್ಕೂ ನಕ್ಷೆಗಳಾದವು. ತಿಮಿಂಗಿಲಗಳು ಎಲ್ಲೆಲ್ಲಿ ಹೆಚ್ಚಾಗಿ ಸಿಕ್ಕುತ್ತವೆ ಎಂಬುದಕ್ಕೆ ಕೂಡ ನಕ್ಷೆಯಾಯಿತು. ನಮ್ಮ ಮುಂಗಾರಿನ ಗಾಳಿಯ ಬಗೆಗೂ ಮೌರಿಗೆ ವಿಶೇಷ ಕುತೂಹಲವಿತ್ತು. ಮುಂಬಯಿಯಲ್ಲಿದ್ದ ಡಾಕ್ಟರ್ ಜಾರ್ಜ್ ಬ್ಯುಯಿಸ್ಟ್ ಎಂಬವನ ಬರಹಗಳನ್ನು ಅವನು ತನ್ನ ಗ್ರಂಥದಲ್ಲಿ ಬಳಸಿಕೊಂಡಿದ್ದಾನೆ.

1849ರಲ್ಲಿ ಕ್ಯಾಲಿಫೋರ್ನಿಯದ ಚಿನ್ನದ ಹುಚ್ಚು ಹಿಡಿದು ಜನ ನ್ಯೂಯಾರ್ಕಿನಿಂದ ಹಾರ್ನ್ ಭೂಶಿರ ಸುತ್ತಿ ಸ್ಯಾನ್‌ಫ್ರಾನ್ಸಿಸ್ಕೋಗೆ ಧಾವಿಸತೊಡಗಿದರು. ಸಾಮಾನ್ಯವಾಗಿ ಸುಮಾರು 180 ದಿನ ಹಿಡಿಯುತ್ತಿದ್ದ ಆ ಪ್ರಯಾಣ, ನಕ್ಷೆ ಹಿಡಿದು ಹೋದವರಿಗೆ 135 ದಿನಗಳ ಆಸುಪಾಸಿಗೆ ಇಳಿಯಿತೆಂದು ಲೆಕ್ಕವುಂಟು. 1851ರಲ್ಲಿ ಫ್ಲೈಯಿಂಗ್ ಕ್ಲೌಡ್ ಎಂಬ ಹಾಯಿ ಹಡಗು 89 ದಿನ 21 ಗಂಟೆಗಳಲ್ಲಿ ಆ ದೂರವನ್ನು ಮುಗಿಸಿ ಜಗತ್ತನ್ನು ಬೆರಗುಗೊಳಿಸಿತು. ಆ ಹಡಗಿನ ದಾರಿಯ ಲೆಕ್ಕ ನೋಡಿದವಳು ಒಬ್ಬ ಹೆಂಗಸು, ಕಪ್ತಾನ ಕ್ರೀಸಿಯ ಮಡದಿ ಎಲಿನರ್. ಮೌರಿಯ ಬರಹಗಳನ್ನು ಓದಿ, ಅವನ ನಕ್ಷೆಗಳನ್ನು ಮುಂದಿಟ್ಟುಕೊಂಡು ಅವಳು ಹಡಗು ನಡೆಸಿದಳು.

ಹಣದ ಉಳಿತಾಯಕ್ಕಿಂತ ದೊಡ್ಡದು ಪ್ರಾಣದ ಉಳಿತಾಯ. 1853ರ ಡಿಸೆಂಬರಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಎಂಬ ಹೆಸರಿನ ಉಗಿಹಡಗು ಸೈನಿಕರನ್ನೂ ಅವರ ಸಂಸಾರಗಳನ್ನೂ ಹೊತ್ತು, ಒಟ್ಟು ಸುಮಾರು 700 ಮಂದಿಯೊಡನೆ ನ್ಯೂಯಾರ್ಕು ಬಿಟ್ಟಿತು. ಬಿರುಗಾಳಿಗೆ ಸಿಕ್ಕಿ ಯಂತ್ರ ಕೆಟ್ಟಿತು. ದೈತ್ಯಾಕಾರದ ಅಲೆಯೊಂದು ಮೇಲುಗಡೆಯಲ್ಲಿದ್ದ ಅನೇಕರನ್ನು ಕೊಚ್ಚಿಕೊಂಡು ಹೋಯಿತು. ಹಡಗು ಗಲ್ಫ್ ಪ್ರವಾಹದಲ್ಲಿ ತೇಲುತ್ತಿದೆ ಎಂಬ ಸುದ್ದಿ ಬಂದಿತು. ಎಲ್ಲಿ ಹುಡುಕುವುದು? ಸರ್ಕಾರ ಮೌರಿಯನ್ನು ಕೇಳಿತು. ಕಂಡ ದಿನ ಯಾವುದು, ಗಾಳಿ ಎತ್ತ, ಪ್ರವಾಹದ ವೇಗ ಎಷ್ಟು ಎಂದು ಲೆಕ್ಕ ಹಾಕಿ, ನಕ್ಷೆಯ ಮೇಲೆ ನೀಲಿ ಪೆನ್ಸಿಲಿನಿಂದ ಗುರುತು ಮಾಡಿ, ಇಲ್ಲಿ ನೋಡಿ ಎಂದು ಅವನು ಹೇಳಿದನು. ಬೇರೆ ಹಡಗುಗಳು ಬದುಕಿದವರನ್ನು ರಕ್ಷಿಸಿದ ಸ್ಥಳ ಆ ಗುರುತಿಗೆ ಬಹಳ ಹತ್ತಿರವಿತ್ತು.

ಅದೇ 1853ರ ಆಗಸ್ಟ್ ತಿಂಗಳಲ್ಲಿ ಅವನ ಬಾಳಿನ ಅತ್ಯುಚ್ಚ ಘಟನೆ ನಡೆದಿತ್ತು. ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ಹತ್ತು ದೇಶಗಳ ಪ್ರತಿನಿಧಿಗಳು ಸೇರಿದರು: ಅಮೆರಿಕ, ಬ್ರಿಟನ್, ಫ್ರಾನ್ಸ್, ರಷ್ಯ, ಹಾಲೆಂಡ್, ಬೆಲ್ಜಿಯಂ, ಡೆನ್ಮಾರ್ಕ್, ನಾರ್ವೆ, ಸ್ವೀಡನ್, ಪೋರ್ಚುಗಲ್. ಬೆಲ್ಜಿಯಮ್ಮಿನ ವಿದ್ವಾಂಸ ಕೆತಲೆ ಅಧ್ಯಕ್ಷ. ಎಲ್ಲ ದೇಶಗಳ ಹಡಗುಗಳೂ ಒಂದೇ ಮಾದರಿಯ ಹಾಳೆಯಲ್ಲಿ ಹವೆಯ ಲೆಕ್ಕ ಬರೆಯಬೇಕೆಂದು ತೀರ್ಮಾನವಾಯಿತು. ಯುದ್ಧ ನಡೆಯುತ್ತಿರುವಾಗಲೂ ಈ ಕೆಲಸ ನಿಲ್ಲಬಾರದೆಂಬುದು ಅವರ ಆಶಯ. ಆ ಸಭೆ ಮುಗಿದ ಕೆಲವೇ ತಿಂಗಳಲ್ಲಿ, ಅದರಲ್ಲಿ ಒಟ್ಟಿಗೆ ಕುಳಿತಿದ್ದ ರಷ್ಯ, ಬ್ರಿಟನ್, ಫ್ರಾನ್ಸ್ ಕ್ರಿಮಿಯ ಯುದ್ಧದಲ್ಲಿ ಎದುರಾಳಿಗಳಾಗಿ ನಿಂತವು ಎಂಬುದನ್ನು ನೆನೆದರೆ ಆ ಆಶಯದ ಬೆಲೆ ತಿಳಿಯುತ್ತದೆ.

ಗಾಳಿಯಿಂದ ಮೌರಿ ಆಳಕ್ಕೆ ಇಳಿದನು. ಕಡಲಿನ ತಳ ಎಷ್ಟು ಆಳದಲ್ಲಿದೆ? ದಾರಕ್ಕೆ ಗುಂಡು ಕಟ್ಟಿ ಬಿಟ್ಟರೆ, ತಳ ಮುಟ್ಟಿದ್ದು ತಿಳಿಯುವುದಿಲ್ಲ. ಎಳೆದರೆ ದಾರ ಹರಿಯುತ್ತದೆ. ಅವನ ಕೈಕೆಳಗಿದ್ದ ಜಾನ್ ಬ್ರೂಕ್ ಎಂಬ ತರುಣ ಒಂದು ಉಪಾಯ ಕಂಡುಹಿಡಿದನು. ಫಿರಂಗಿ ಗುಂಡಿಗೆ ತೂತು ಕೊರೆದು, ಅದರ ಮೂಲಕ ಒಂದು ಸಲಾಕೆ ತೂರಿಸುವುದು. ಸಲಾಕೆ ತಳ ಮುಟ್ಟಿದೊಡನೆ ಗುಂಡು ಕಳಚಿಕೊಳ್ಳುತ್ತದೆ. ಹಗುರವಾದ ಸಲಾಕೆ ತುದಿಯಲ್ಲಿ ತಳದ ಕೆಸರನ್ನು ಮೆತ್ತಿಕೊಂಡು ಮೇಲೆ ಬರುತ್ತದೆ. ಆ ಕೆಸರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅತಿ ಸಣ್ಣ ಚಿಪ್ಪುಗಳು ಕಂಡವು. ಒಂದೂ ಮುರಿದಿರಲಿಲ್ಲ. ಹಾಗಾದರೆ ಅಷ್ಟು ಆಳದಲ್ಲಿ ನೀರು ಅಲುಗಾಡುವುದಿಲ್ಲ ಎಂದು ಮೌರಿ ಊಹಿಸಿದನು. ಅಲ್ಲಿ ತಂತಿಯನ್ನು ಮಲಗಿಸಿದರೆ ಅದು ಸವೆಯದೆ ಉಳಿಯುತ್ತದೆ! 1854ರಲ್ಲಿ ಉತ್ತರ ಅಟ್ಲಾಂಟಿಕ್ಕಿನ ತಳದ ನಕ್ಷೆಯನ್ನು ಪ್ರಕಟಿಸಿದನು. ಸೈರಸ್ ಫೀಲ್ಡ್ ಎಂಬ ವ್ಯಾಪಾರಿ ಎರಡು ಖಂಡಗಳನ್ನು ಜೋಡಿಸುವ ತಂತಿಗೆ ಕೈ ಹಾಕಿದಾಗ ಮೌರಿಯ ಸಲಹೆ ಕೇಳಿಯೇ ಮುಂದುವರಿದನು. 1858ರ ತಂತಿ ಕೆಲವು ವಾರ ಮಾತನಾಡಿ ಮೂಕವಾಯಿತು. 1866ರಲ್ಲಿ ಹಾಕಿದ್ದು ನಿಂತಿತು.

1855ರಲ್ಲಿ ಅವನು ಸಮುದ್ರದ ಭೌತ ಭೂಗೋಳವನ್ನು ಕುರಿತ ಪ್ರಸಿದ್ಧ ಗ್ರಂಥವನ್ನು ಹೊರತಂದನು. ಓದಲು ಸೊಗಸಾದ ಪುಸ್ತಕ. ಆದರೆ ಅದರಲ್ಲಿ ತಪ್ಪುಗಳೂ ಇದ್ದವು. ಉತ್ತರ ಧ್ರುವದ ಸುತ್ತ ಹೆಪ್ಪುಗಟ್ಟದ ತೆರೆದ ಸಮುದ್ರವಿದೆ ಎಂದು ಅವನು ನಂಬಿದ್ದನು, ಅದು ಸುಳ್ಳಾಯಿತು. ಲೆಕ್ಕ ಕೂಡಿಸುವುದರಲ್ಲಿ ಅಷ್ಟು ಎಚ್ಚರವಾಗಿದ್ದವನು ಕಾರಣ ಹೇಳುವಾಗ ಊಹೆಯ ಕುದುರೆಯೇರುತ್ತಿದ್ದನು. ಆ ದೇಶದ ವಿಜ್ಞಾನಿಗಳಲ್ಲಿ ಕೆಲವರು ಅವನನ್ನು ತಮ್ಮವನೆಂದು ಒಪ್ಪಲೇ ಇಲ್ಲ. ಅದೇ ವರ್ಷ ನೌಕಾಪಡೆಯ ಗುಪ್ತ ಮಂಡಲಿಯೊಂದು, ಸಮುದ್ರಕ್ಕೆ ಹೋಗಲಾರದವರೆಂದು ಸುಮಾರು 200 ಅಧಿಕಾರಿಗಳನ್ನು ಪಟ್ಟಿಯಿಂದ ತೆಗೆಯಿತು. ಅದರಲ್ಲಿ ಮೌರಿಯ ಹೆಸರೂ ಇತ್ತು. ಸಮುದ್ರಕ್ಕೆ ಹೋಗುವವರೆಲ್ಲರಿಗೂ ದಾರಿ ಹೇಳುವವನನ್ನು ಕಡಲಿಗೆ ಬಾರದವನೆಂದು ತೆಗೆದುಹಾಕಿದರು! ದೇಶದಲ್ಲಿ ಕೋಲಾಹಲವೆದ್ದಿತು. 1858ರಲ್ಲಿ ಕಮಾಂಡರ್ ಪದವಿಯೊಡನೆ ಅವನ ಸ್ಥಾನ ಮರಳಿ ಬಂದಿತು.

ವಾಚಕ ಮಹಾಶಯರೆ, ಇಲ್ಲಿಗೆ ಕಥೆ ಮುಗಿದಿದ್ದರೆ ಹೊಗಳಿ ಕೈಮುಗಿದು ಎದ್ದುಬಿಡಬಹುದಾಗಿತ್ತು. ಆದರೆ ಚರಿತ್ರೆ ಬರೆಯುವವನು ನಾಯಕನ ಗುಣಗಳನ್ನಷ್ಟೇ ಆರಿಸಿಕೊಂಡರೆ ಅದು ಪ್ರಶಸ್ತಿಶಾಸನವಾಗುತ್ತದೆ, ಚರಿತ್ರೆಯಾಗುವುದಿಲ್ಲ.

ಮೌರಿಯ ನಾಡಾದ ವರ್ಜೀನಿಯಾದಲ್ಲಿ ನೀಗ್ರೋ ಗುಲಾಮರ ದುಡಿಮೆಯ ಮೇಲೆ ಶ್ರೀಮಂತರ ಬಾಳು ನಿಂತಿತ್ತು. ಗುಲಾಮಗಿರಿಯನ್ನು ಅವನು ತನ್ನ ನಾಡಿಗೆ ಅಂಟಿದ ಹೊರೆಯೆಂದು ಭಾವಿಸಿದ್ದನು. ಆದರೆ ಆ ಹೊರೆಯ ಕೆಳಗೆ ನಲುಗುತ್ತಿದ್ದವರನ್ನು ಬಿಡುಗಡೆ ಮಾಡಬೇಕೆಂದು ಅವನಿಗೆ ತೋರಲಿಲ್ಲ; ಹೊರೆಯನ್ನು ಬೇರೆಡೆಗೆ ಸಾಗಿಸಬೇಕೆಂದು ತೋರಿತು. ಬ್ರಜಿಲಿನ ಅಮೆಜಾನ್ ಕಣಿವೆಗೆ ದಕ್ಷಿಣದ ಒಡೆಯರು ತಮ್ಮ ಗುಲಾಮರೊಡನೆ ಹೋಗಿ ನೆಲೆಸಬಹುದೆಂದು ಬರೆದನು. 1851ರಲ್ಲಿ ತನ್ನ ಭಾವಮೈದುನ ವಿಲಿಯಂ ಹರ್ಂಡನ್ ಎಂಬ ಅಧಿಕಾರಿ ಅಮೆಜಾನ್ ನದಿಯ ಅನ್ವೇಷಣೆಗೆ ಹೊರಟಾಗ, ಅದರ ಹಿಂದೆ ಮೌರಿಯ ಈ ಯೋಚನೆಯೂ ಇತ್ತು. ಗಾಳಿಯ ಹದಿನಾರು ದಿಕ್ಕುಗಳನ್ನು ಎಣಿಸಿದ ಕಣ್ಣಿಗೆ, ಪಕ್ಕದ ಹೊಲದಲ್ಲಿ ದುಡಿಯುತ್ತಿದ್ದ ಮನುಷ್ಯನ ಕಣ್ಣೀರು ಎಣಿಕೆಗೆ ಬರಲಿಲ್ಲ.

1861ರಲ್ಲಿ ಅಂತರ್ಯುದ್ಧ ಬಂದಿತು. ವರ್ಜೀನಿಯಾ ಒಕ್ಕೂಟವನ್ನು ಬಿಟ್ಟಿತು. ಏಪ್ರಿಲ್ 20ರಂದು ಮೌರಿ ತನ್ನ ಹುದ್ದೆಗೆ ರಾಜೀನಾಮೆ ಕೊಟ್ಟು, ಹತ್ತೊಂಬತ್ತು ವರ್ಷ ಕಟ್ಟಿದ ವೀಕ್ಷಣಾಲಯದಿಂದ ಹೊರಟುಹೋದನು. ರಷ್ಯ ಮತ್ತು ಫ್ರಾನ್ಸ್ ದೇಶಗಳಿಂದ ಗೌರವದ ಆಹ್ವಾನ ಬಂದವು: ಯುದ್ಧವನ್ನು ಬಿಟ್ಟು ನಮ್ಮಲ್ಲಿಗೆ ಬಂದು ನಿಮ್ಮ ವಿಜ್ಞಾನವನ್ನು ಮುಂದುವರಿಸಿ ಎಂದು. ಅವನು ವಿನಯದಿಂದ ಒಲ್ಲೆನೆಂದನು. ಹುಟ್ಟಿದ ನಾಡಿನ ಋಣ ಎಂದು ಅವನ ಸಮಾಧಾನ. ನಾಡಿನ ಋಣ ದೊಡ್ಡದೇ ಸರಿ. ಆದರೆ ಆ ನಾಡು ಯಾವುದಕ್ಕಾಗಿ ಕತ್ತಿ ಹಿಡಿದಿದೆ ಎಂಬ ಪ್ರಶ್ನೆಯನ್ನು ಕೇಳಿಕೊಳ್ಳದೆ ತೀರಿಸುವ ಋಣ ಮತ್ತೊಬ್ಬರ ಮೇಲೆ ಸಾಲವಾಗಿ ಬೀಳುತ್ತದೆ.

ದಕ್ಷಿಣದವರಿಗೆ ನೌಕಾಬಲ ಕಡಮೆ. ಶತ್ರುವಿನ ಹಡಗುಗಳನ್ನು ತಡೆಯಲು ಮೌರಿ ನೀರಿನೊಳಗೆ ವಿದ್ಯುತ್ತಿನಿಂದ ಸಿಡಿಯುವ ಸಿಡಿಪೀಪಾಯಿಗಳನ್ನು ಯೋಜಿಸಿದನು. ರಿಚ್ಮಂಡ್ ನಗರದಲ್ಲಿ ಬಂಧುವೊಬ್ಬನ ಮನೆಯ ಸ್ನಾನದ ತೊಟ್ಟಿಯಲ್ಲಿ ಮೊದಲ ಪ್ರಯೋಗಗಳು ನಡೆದವಂತೆ. ಜೇಮ್ಸ್ ನದಿಯಲ್ಲಿ ಅವನ್ನು ಹುದುಗಿಸಿದರು. ಎಂಥ ವಿಪರೀತ ನೋಡಿ! ಕಡಲ ಹಾದಿಯನ್ನು ಎಲ್ಲರಿಗೂ ಸುರಕ್ಷಿತ ಮಾಡಲು ಹತ್ತು ದೇಶಗಳನ್ನು ಒಂದೆಡೆ ಕೂರಿಸಿದವನು, ಈಗ ನೀರಿನ ಹಾದಿಯಲ್ಲಿ ಕಾಣದ ಸಾವನ್ನು ಬಿತ್ತಿದನು. ಫಿರಂಗಿಯ ಗುಂಡನ್ನು ಹಲಗೆ ಮಾಡಿಕೊಂಡಿದ್ದ ಹುಡುಗ, ಐವತ್ತೈದರ ವಯಸ್ಸಿನಲ್ಲಿ ತನ್ನ ವಿದ್ಯೆಯನ್ನು ಗುಂಡು ಮಾಡಿಕೊಂಡನು.

1862ರಲ್ಲಿ ದಕ್ಷಿಣದ ಸರ್ಕಾರ ಅವನನ್ನು ಹಡಗುಗಳನ್ನು ಸಂಪಾದಿಸಲು ಇಂಗ್ಲೆಂಡಿಗೆ ಕಳುಹಿಸಿತು. ಅವನು ಅಲ್ಲಿದ್ದಾಗಲೇ, 1863ರ ಆರಂಭದಲ್ಲಿ, ಮಗ ಜಾನ್ ವಿಕ್ಸ್‌ಬರ್ಗಿನ ಬಳಿ ಕಾಣೆಯಾದನು, ಮತ್ತೆ ಮರಳಲಿಲ್ಲ. 1865ರಲ್ಲಿ ಮೌರಿ ಸಿಡಿಪೀಪಾಯಿಗಳ ಸಾಮಗ್ರಿಯೊಡನೆ ಅಟ್ಲಾಂಟಿಕ್ ದಾಟಿ ಬರುವಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಗೆದ್ದ ಸರ್ಕಾರದ ಕ್ಷಮಾಪಣೆ ಅವನಂಥವರಿಗೆ ಅನ್ವಯಿಸುತ್ತಿರಲಿಲ್ಲ. ಮನೆಗೆ ಹೋಗುವಂತಿಲ್ಲ. ಮೆಕ್ಸಿಕೋದಲ್ಲಿ ಆಗ ರಾಜ್ಯವಾಳುತ್ತಿದ್ದ ಮ್ಯಾಕ್ಸಿಮಿಲಿಯನ್ ಚಕ್ರವರ್ತಿಯನ್ನು ಆಶ್ರಯಿಸಿ, ಸೋತ ದಕ್ಷಿಣದವರಿಗೆ ಅಲ್ಲೊಂದು ನೆಲೆ ಕಟ್ಟಲು ಹೊರಟನು. ಯಾರೂ ಹೆಚ್ಚಾಗಿ ಬರಲಿಲ್ಲ. ಅಲ್ಲಿ ಅವನು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ, ಮಲೇರಿಯಾ ಜ್ವರಕ್ಕೆ ಮದ್ದಾದ ಸಿಂಕೋನಾ ಗಿಡವನ್ನು ಬೆಳೆಸಲು ಯತ್ನಿಸಿದ್ದು. ನಮ್ಮ ನೀಲಗಿರಿಯಲ್ಲಿಯೂ ಆ ಗಿಡ ಬೇರೂರುತ್ತಿದ್ದ ವರ್ಷಗಳೇ ಅವು. 1866ರಲ್ಲಿ ಮೌರಿ ಇಂಗ್ಲೆಂಡಿಗೆ ಹೋದನು. ಮರುವರ್ಷ ಮ್ಯಾಕ್ಸಿಮಿಲಿಯನ್ ಮರಣದಂಡನೆಗೆ ಗುರಿಯಾದನು.

ಇಂಗ್ಲೆಂಡಿನಲ್ಲಿ ಮೌರಿ ಹೊಟ್ಟೆಪಾಡಿಗಾಗಿ ಶಾಲಾ ಮಕ್ಕಳಿಗೆ ಭೂಗೋಳದ ಪುಸ್ತಕಗಳನ್ನು ಬರೆದನು. ಚಕ್ರವರ್ತಿಗಳ ಪದಕಗಳನ್ನು ಪಡೆದವನು ಮಕ್ಕಳ ಪಾಠಪುಸ್ತಕಕ್ಕೆ ಇಳಿದನೆಂದು ಯಾರಾದರೂ ಮರುಗಿದರೆ, ಉಪಾಧ್ಯಾಯನಾದ ನಾನು ಒಪ್ಪಲಾರೆ. ಅವನು ಏರಿದನೆಂದೇ ನನ್ನ ಎಣಿಕೆ. 1868ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯ ಅವನಿಗೆ ಗೌರವ ಪದವಿ ಕೊಟ್ಟಿತು. ಅದೇ ವರ್ಷ ಸ್ವದೇಶಕ್ಕೆ ಮರಳುವ ದಾರಿ ತೆರೆಯಿತು. ಲೆಕ್ಸಿಂಗ್‌ಟನ್ನಿನ ವರ್ಜೀನಿಯಾ ಸೈನಿಕ ವಿದ್ಯಾಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನಾದನು. ನಾವಿಕರಿಗೆ ಸಿಕ್ಕ ಅನುಕೂಲ ರೈತರಿಗೂ ಸಿಗಬೇಕು, ತಂತಿಯ ಮೂಲಕ ಹವಾಮಾನದ ಸುದ್ದಿ ಹೊಲಗಳಿಗೆ ಮುಟ್ಟಬೇಕು ಎಂದು ಊರೂರು ತಿರುಗಿ ಭಾಷಣ ಮಾಡಿದನು. ಹಾಗೆ ತಿರುಗುತ್ತಿರುವಾಗಲೇ ಕಾಯಿಲೆ ಬಿದ್ದು, 1873ರ ಫೆಬ್ರವರಿ 1ರಂದು ತೀರಿಕೊಂಡನು. ಸಾಯುವ ಮುನ್ನ ಮಗನನ್ನು, ನನ್ನ ಲಂಗರು ಜಾರುತ್ತಿದೆಯೆ ಎಂದು ಕೇಳಿದನೆಂದೂ, ಭದ್ರವಾಗಿದೆ ಎಂಬ ಉತ್ತರ ಕೇಳಿ ನೆಮ್ಮದಿಗೊಂಡನೆಂದೂ ಅವನ ಚರಿತ್ರೆ ಬರೆದವರು ಹೇಳುತ್ತಾರೆ. ಗೋಷನ್ ಎಂಬ ಬೆಟ್ಟದ ಕಣಿವೆಯಲ್ಲಿ ಹೂ ಅರಳಿದಾಗ ಆ ದಾರಿಯಲ್ಲಿ ತನ್ನನ್ನು ಒಯ್ಯಬೇಕೆಂಬುದು ಅವನ ಕೊನೆಯ ಆಸೆ. ಆ ವರ್ಷದ ಶರತ್ಕಾಲದಲ್ಲಿ ಅದೇ ಕಣಿವೆಯ ಮೂಲಕ ಅವನ ದೇಹವನ್ನು ರಿಚ್ಮಂಡಿಗೆ ಸಾಗಿಸಿದರು.

ಅವನು ಸತ್ತ ವರ್ಷವೇ ವಿಯೆನ್ನಾದಲ್ಲಿ ದೇಶದೇಶಗಳ ಹವಾಮಾನ ತಜ್ಞರು ಸೇರಿದರು. ಅದರಿಂದ ಬೆಳೆದ ಅಂತರರಾಷ್ಟ್ರೀಯ ಸಂಘವು 1950ರಲ್ಲಿ ವಿಶ್ವ ಹವಾಮಾನ ಸಂಸ್ಥೆಯಾಯಿತು. ಭಾರತದ ಹವಾಮಾನ ಇಲಾಖೆ 1875ರಲ್ಲಿ ಹುಟ್ಟಿತು. ಇವೆಲ್ಲಕ್ಕೂ ಬ್ರಸೆಲ್ಸಿನ ಆ ಸಣ್ಣ ಸಭೆಯ ಕಡೆಗೆ ವಂಶಾವಳಿಯನ್ನು ಎಳೆಯಬಹುದು.

ಮೌರಿಯ ಹೆಸರು ಏನಾಯಿತು? 1929ರಲ್ಲಿ ರಿಚ್ಮಂಡಿನ ರಾಜಬೀದಿಯಲ್ಲಿ ಅವನ ಪ್ರತಿಮೆ ನಿಂತಿತು. 2020ರ ಜುಲೈ 2ರಂದು, ಗುಲಾಮಗಿರಿಯ ಪಕ್ಷಕ್ಕೆ ಸೇರಿದವರ ಪ್ರತಿಮೆಗಳೊಡನೆ ಅದನ್ನೂ ಕೆಳಗಿಳಿಸಿದರು. ಅನಾಪೊಲಿಸಿನ ವಿದ್ಯಾಲಯದಲ್ಲಿ ಅವನ ಹೆಸರಿದ್ದ ಕಟ್ಟಡ 2023ರಲ್ಲಿ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಹೆಸರನ್ನು ಪಡೆಯಿತು. ಅದೇ ವರ್ಷ, ಸಮುದ್ರತಳವನ್ನು ಅಳೆಯುವ ನೌಕಾಪಡೆಯ ಹಡಗೊಂದರ ಮೇಲಿದ್ದ ಮೌರಿ ಎಂಬ ಹೆಸರನ್ನು ತೆಗೆದು ಮೇರಿ ಥಾರ್ಪ್ ಎಂದು ಇಟ್ಟರು. ಮೇರಿ ಥಾರ್ಪ್ ಯಾರು? 1950ರ ದಶಕದಲ್ಲಿ, ಹೆಂಗಸೆಂಬ ಕಾರಣಕ್ಕೆ ಸಂಶೋಧನೆಯ ಹಡಗು ಹತ್ತಲು ಬಿಡದಿದ್ದಾಗ, ಮೇಜಿನ ಮುಂದೆಯೇ ಕುಳಿತು ಇತರರು ತಂದ ಆಳದ ಅಳತೆಗಳನ್ನು ಕೂಡಿಸಿ, ಅಟ್ಲಾಂಟಿಕ್ಕಿನ ನಡುವೆ ಹಬ್ಬಿದ ಮಹಾಪರ್ವತಶ್ರೇಣಿಯನ್ನೂ ಅದರ ನಡುನೆತ್ತಿಯ ಸೀಳನ್ನೂ ಗುರುತಿಸಿದ ವಿದುಷಿ. ಆ ಶ್ರೇಣಿಯ ಮೊದಲ ಮಸುಕು ಸುಳಿವು ಇದ್ದುದು 1854ರ ಮೌರಿಯ ನಕ್ಷೆಯಲ್ಲಿ. ಅವನನ್ನು ಮೇಜಿಗೆ ಕಟ್ಟಿದ್ದು ಮುರಿದ ಕಾಲು. ಅವಳನ್ನು ಕಟ್ಟಿದ್ದು ಮನುಷ್ಯರು ಮಾಡಿದ ಕಟ್ಟಳೆ.

ಹೆಸರು ತೆಗೆದದ್ದು ಸರಿಯೋ ತಪ್ಪೋ ಎಂದು ನಿಮ್ಮ ಮನೆಯ ಜಗಲಿಯ ಮೇಲೆ ಕುಳಿತು ನೀವು ಚರ್ಚಿಸಬಹುದು. ನನಗೆ ತೋರುವುದಿಷ್ಟು. ಪ್ರತಿಮೆ ಎಂದರೆ ಇವನಂತೆ ಬಾಳಿರಿ ಎಂದು ಮಕ್ಕಳಿಗೆ ಹೇಳುವ ಮಾತು. ಆ ಮಾತನ್ನು ಮೌರಿಯ ಬಗ್ಗೆ, ಗುಲಾಮರಾಗಿದ್ದವರ ಮರಿಮಕ್ಕಳ ಮುಂದೆ ನಿಂತು ಹೇಳುವುದು ಕಷ್ಟ. ಪಾಠದ ಮಾತು ಬೇರೆ. ಪಾಠದಲ್ಲಿ ಅವನ ಹೆಸರು ಇರಲೇಬೇಕು, ಗುಣದೋಷಗಳೆರಡರೊಡನೆ ಇರಬೇಕು. ವಿದ್ಯೆಯೊಂದೇ ಮನುಷ್ಯನನ್ನು ನ್ಯಾಯದ ದಡ ಸೇರಿಸುವುದಿಲ್ಲ ಎಂಬುದನ್ನು ತಿಳಿಯುವುದಕ್ಕೆ ಅವನ ಬಾಳಿಗಿಂತ ಒಳ್ಳೆಯ ಪಾಠ ಬೇಡ. ಹಾಗೆಯೇ, ತಪ್ಪಿದವನು ಕೂಡಿಸಿಟ್ಟ ಒಳ್ಳೆಯ ಲೆಕ್ಕ ತಪ್ಪಾಗುವುದಿಲ್ಲ ಎಂಬುದಕ್ಕೂ. ಇಂದು ಮಲ್ಪೆಯಲ್ಲಿಯೋ ಕಾರವಾರದಲ್ಲಿಯೋ ಎಚ್ಚರಿಕೆಯ ಮಾತು ಕೇಳಿ ದೋಣಿಯನ್ನು ದಡಕ್ಕೆಳೆದು ಕಟ್ಟುವ ಮೀನುಗಾರನಿಗೆ ಮೌರಿಯ ಹೆಸರು ತಿಳಿದಿಲ್ಲ. ತಿಳಿಯಬೇಕಾದ ಅಗತ್ಯವೂ ಇಲ್ಲ. ಅವನು ರಾತ್ರಿ ಮನೆಗೆ ಹೋಗಿ ಮಕ್ಕಳೊಡನೆ ಉಣ್ಣುತ್ತಾನಲ್ಲ, ಅಷ್ಟು ಸಾಕು.